ಪುಕ್ಕಟೆ ಪೆಟ್ಟಿಗೆಗೆ ಮೂರು ಕೀಲಿ

ನನ್ನ ಸೋದರಮಾವನಷ್ಟು ಭದ್ರವಾದ ಮನುಷ್ಯ ಇಡೀ ಹಾವೇರಿ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಎಷ್ಟು ಭದ್ರವೆಂದರೆ, ವಾರಕ್ಕೊಮ್ಮೆಯಾದರೂ ತಮ್ಮ ಮನೆಯೊಳಗೆ ತಾವೇ ಹೋಗಲಾರದೆ ಕಟ್ಟೆಯ ಮೇಲೆ ಕೂತಿರುತ್ತಾರೆ!

ರಾಣೆಬೆನ್ನೂರಿನಲ್ಲಿ ಅವರದೊಂದು ಬೀಜದ ಅಂಗಡಿ. ಅದನ್ನು ಮುಚ್ಚುವುದು ಅವರಿಗೆ ಒಂದು ಕೆಲಸವಲ್ಲ, ವ್ರತ. ಶಟರ್ ಎಳೆದು ಕೀಲಿ ಹಾಕುತ್ತಾರೆ. ಜಗ್ಗಿ ನೋಡುತ್ತಾರೆ. ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು, ಮತ್ತೆ ಜಗ್ಗುತ್ತಾರೆ. ಓಣಿಯ ತುದಿ ಮುಟ್ಟಿದವರು ಏನೋ ನೆನಪಾದಂತೆ ಓಡಿ ಬಂದು ಈ ಸಲ ಎರಡೂ ಕೈಯಿಂದ ಹಿಡಿದು ಜೋತುಬೀಳುತ್ತಾರೆ. ಒಮ್ಮೆ ಹೀಗೆ ಜೋತುಬಿದ್ದ ಭಾರಕ್ಕೆ ಕೊಂಡಿಯೇ ಕಿತ್ತು ಕೈಗೆ ಬಂತು. ಪಕ್ಕದ ಕಿರಾಣಿ ಅಂಗಡಿಯವರು ನೋಡುತ್ತ ನಿಂತಿದ್ದರು.

"ಅಲ್ರಿ ಸಾವ್ಕಾರ್ರ, ಎಲ್ಲಾ ನೀವ ಮಾಡಿ ಮುಗಿಸಿಬಿಟ್ರ ಪಾಪ ಕಳ್ಳರು ಹೊಟ್ಟಿಗೇನ್ ತಿನ್ನಬೇಕ್ರಿ?" ಎಂದು ಕೇಳಿದರಂತೆ.

ಇಂಥ ಮನುಷ್ಯನ ಕೈಗೆ ದೇವರು ಒಂದು ಪುಕ್ಕಟೆ ಇ-ಮೇಲ್ ಖಾತೆ ಕೊಟ್ಟ. ದೇವರಿಗೂ ಒಮ್ಮೊಮ್ಮೆ ಹೊತ್ತು ಹೋಗಬೇಕಲ್ಲ!

ಆದದ್ದಿಷ್ಟು. ಬೀಜ ಮಾರುವ ಪರವಾನಗಿಯ ಅರ್ಜಿ ತುಂಬಲು ಇ-ಮೇಲ್ ವಿಳಾಸ ಬೇಕೇ ಬೇಕು ಎಂದರು. ಮಾಮಾ ಸ್ಟೇಶನ್ ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯವನು ಟಕಟಕ ಒತ್ತಿ, ಚಹಾ ಆರುವುದರೊಳಗೆ ಒಂದು ಖಾತೆ ತೆರೆದುಕೊಟ್ಟ.

"ಎಷ್ಟಾತಪಾ?"

"ಅರ್ಜಿ ತುಂಬಿದ್ದಕ್ಕ ಅಷ್ಟ ಕೊಡ್ರಿ. ಮೇಲ್‌ಗೆ ಏನಿಲ್ರಿ, ಅದು ಪುಕ್ಕಟ."

ಮಾಮಾ ಕುರ್ಚಿ ಬಿಟ್ಟು ಎದ್ದೇಬಿಟ್ಟರು. "ಪುಕ್ಕಟ? ಯಾರು ಕೊಡಾಕತ್ತಾರ?"

"ಕಂಪನಿಯವರ್ರಿ."

"ಯಾವೂರಾಂವ ಅಂವ? ನಮಗೇನಾಗಬೇಕು?"

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಲೋಕದಲ್ಲಿ, ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದೊಡನೆ ಕಿಸೆ ಮುಟ್ಟಿ ನೋಡಿಕೊಳ್ಳುವವರು ನಮ್ಮ ಮಾಮಾ ಒಬ್ಬರೇ. ಆ ವಾರ ಅವರು ನಮ್ಮ ಹಾವೇರಿ ಮನೆಗೆ ಬಂದವರು ನೀರು ಕುಡಿಯುವುದಕ್ಕೂ ಮೊದಲು ನನ್ನನ್ನು ಕೂಡಿಸಿಕೊಂಡು ವಿಚಾರಣೆ ಶುರುಮಾಡಿದರು. ನಾನು ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಆದ್ದರಿಂದ ಲೋಕದ ಎಲ್ಲ ಕಂಪ್ಯೂಟರುಗಳಿಗೂ ನಾನೇ ಜವಾಬ್ದಾರಳು ಎಂಬುದು ಅವರ ತೀರ್ಮಾನ.

"ಬಾಡಿಗಿ ಕೊಡಲಾರದ ಮನ್ಯಾಗ ಇದ್ದಾಂವಗ, ನಾಳೆ ಬಿಟ್ಟು ಹೋಗಪಾ ಅಂದ್ರ, ಯಾಕ ಅಂತ ಕೇಳಾಕ ಬಾಯಿ ಇರಾಂಗಿಲ್ಲವಾ. ರೊಕ್ಕಾ ಇಸ್ಕೊಂಡಾಂವ ಜವಾಬು ಕೊಡ್ತಾನ. ಪುಕ್ಕಟ ಕೊಟ್ಟಾಂವ ಯಾಕ ಕೊಡ್ತಾನ ಹೇಳು?"

"ತಿಂಗಳಿಗಿಷ್ಟು ಅಂತ ರೊಕ್ಕಾ ಕೊಟ್ಟು ತಗೊಳ್ಳೂವಂಥಾವೂ ಅದಾವ್ರಿ ಮಾಮಾ. ತಗೋತೀರೇನು?"

"ಹುಚ್ಚಿ! ಪುಕ್ಕಟ ಸಿಗೂದಕ್ಕ ಯಾರರೆ ರೊಕ್ಕಾ ಕೊಡ್ತಾರೇನು?"

ಮಾತು ಅಲ್ಲಿಗೆ ಮುಗಿಯಿತು. ಬಾಡಿಗೆ ಕೊಡುವುದಿಲ್ಲ, ಮಾಲೀಕನನ್ನು ನಂಬುವುದೂ ಇಲ್ಲ. ಹಾಗಾದರೆ ಉಳಿದದ್ದೇನು? ಕಬಜಾ! ಖಾಲಿ ಬಿಟ್ಟ ಮನೆಗೆ ಬೇರೆಯವರು ಬಂದು ಸೇರಿಕೊಳ್ಳುತ್ತಾರೆ. ದಿನಾ ಒಲೆ ಹೊತ್ತುವ ಮನೆಯವರನ್ನು ಬಿಡಿಸುವುದು ಸುಲಭವಲ್ಲ. ಆದ್ದರಿಂದ ಮಾಮಾ ದಿನಾ ಬೆಳಿಗ್ಗೆ ಅಂಗಡಿಯ ಕಂಪ್ಯೂಟರಿಗೆ ಊದುಬತ್ತಿ ಬೆಳಗಿ, ತಮಗೆ ತಾವೇ ಒಂದು ಮೇಲ್ ಕಳಿಸತೊಡಗಿದರು. "ಎಲ್ಲರೂ ಕ್ಷೇಮ. ದೀಪ ಹಚ್ಚಿದೆ." ಐದು ನಿಮಿಷ ಬಿಟ್ಟು ತಾವೇ ಉತ್ತರವನ್ನೂ ಬರೆಯುವರು. "ನಿಮ್ಮ ಪತ್ರ ತಲುಪಿತು. ಓದಿ ಸಂತೋಷವಾಯಿತು." ಒಂದು ದಿನ ಜ್ವರ ಬಂದು, ಪತ್ರವನ್ನೇನೋ ಹಾಕಿದರು, ಉತ್ತರ ಬರೆಯಲು ಆಗಲಿಲ್ಲ. ಮರುದಿನ ತಮಗೆ ತಾವೇ ಬರೆದುಕೊಂಡದ್ದನ್ನು ನಾನು ಕಣ್ಣಾರೆ ಓದಿದ್ದೇನೆ: "ನಿನ್ನೆ ತಮ್ಮಿಂದ ಉತ್ತರ ಬರಲಿಲ್ಲ. ನಮ್ಮಿಂದೇನಾದರೂ ತಪ್ಪಾಯಿತೇ?"

ತಮಗೆ ತಾವೇ ಬರೆದುಕೊಂಡು ಬೇಸತ್ತ ಮಾಮಾ ಆಮೇಲೆ ಬ್ಯಾಡಗಿಯ ಚಾಚಾನಿಗೆ ಬರೆಯಲು ಶುರುಮಾಡಿದರು. ಈ ಚಾಚಾ ಮಾಮಾನ ಕಾಲೇಜಿನ ಗೆಳೆಯ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಅವರು ನಕ್ಕರೆ ಪಕ್ಕದ ಅಂಗಡಿಯ ತಕ್ಕಡಿ ಅಲುಗಾಡುತ್ತದೆ ಎನ್ನುತ್ತಿದ್ದರು. ಮಾಮಾನ ಮನೆಗೆ ವರ್ಷದ ಖಾರದಪುಡಿಗೆ ಮೆಣಸಿನಕಾಯಿ ಬರುವುದು ಅಲ್ಲಿಂದಲೇ. ಮೆಣಸಿನಕಾಯಿಯ ಬಗ್ಗೆ ಮಾಮಾ ಒಂದು ಮೇಲ್ ಬರೆದರು ನೋಡಿ, ಮರುದಿನ ಪರದೆಯ ಬದಿಗೆ ಖಾರದಪುಡಿ ಕುಟ್ಟುವ ಮಶೀನಿನ ಜಾಹೀರಾತು ಬಂದು ಕೂತಿತು!

"ನೋಡಿದೇನವಾ! ಮಾಲೀಕ ಕಿಂಡ್ಯಾಗಿಂದ ಇಣಕಿ ಹಾಕಾಕತ್ತಾನ!"

ಇನ್ನು ಮೇಲೆ ಸಂಕೇತದಲ್ಲಿ ಬರೆಯುವುದೆಂದು ಗೆಳೆಯರಿಬ್ಬರೂ ಠರಾವು ಮಾಡಿದರು. ಮೆಣಸಿನಕಾಯಿಗೆ ಕನ್ಯಾ ಎಂದು ಹೆಸರಿಟ್ಟರು. ಮಾಮಾ ಬರೆದರು: "ದೋಸ್ತ, ಒಂದೆರಡು ಚಲೋ ಕನ್ಯಾ ನೋಡಿ ಇಡು. ಬಣ್ಣ ಕಡುಗೆಂಪಿರಲಿ. ಮೈಯೆಲ್ಲ ಸುಕ್ಕಿರಲಿ. ಖಾರ ಮಾತ್ರ ಕಡಿಮೆ ಇರಲಿ." ಚಾಚಾ ಉತ್ತರಿಸಿದರು: "ಈ ವಾರ ಬಂದ ಕನ್ಯಾಗಳೆಲ್ಲ ಹಸಿ. ನಾಲ್ಕು ದಿನ ಬಿಸಿಲಿಗೆ ಹಾಕಿ ಕಳಿಸುತ್ತೇನೆ." ಮೂರನೆಯ ದಿನಕ್ಕೆ ಪರದೆಯ ಬದಿಗೆ ಖಾರದ ಮಶೀನು ಮಾಯವಾಗಿ, ಸೆರಗು ಹೊದ್ದ ಹೆಣ್ಣುಮಗಳೊಬ್ಬಳು ನಗುತ್ತ ನಿಂತಳು. "ನಿಮಗೆ ತಕ್ಕ ವಧು ಇಲ್ಲಿದ್ದಾಳೆ!" ಊಟದ ಡಬ್ಬಿ ಕೊಡಲು ಅಂಗಡಿಗೆ ಬಂದಿದ್ದ ಅತ್ತೆಯ ಕಣ್ಣಿಗೆ ಸರಿಯಾಗಿ ಅದೇ ಬೀಳಬೇಕೇ?

"ಏನಿದು? ಈ ವಯಸ್ಸಿನ್ಯಾಗ?"

"ಏ, ಅದು ಮೆಣಸಿನಕಾಯಿ!"

"ಹೌದ್ಹೌದು. ನಾ ಮದುವ್ಯಾಗಿ ಬಂದ ವರ್ಷ ನನಗೂ ಮೆಣಸಿನಕಾಯಿ ಅಂತಿದ್ರಿ!"

ಅತ್ತೆ ಡಬ್ಬಿಯನ್ನು ತಿರುಗಿ ಮನೆಗೆ ಒಯ್ದಳು. ಉಪವಾಸ ಬಿದ್ದ ಮಧ್ಯಾಹ್ನವೇ ಮಾಮಾನಿಗೆ ಮೂರು ಕೀಲಿಯ ವಿಚಾರ ಹೊಳೆದದ್ದು.

ಈ ಮೂರು ಕೀಲಿಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾಮಾ, ಅವ್ವ ಹುಟ್ಟಿ ಬೆಳೆದ ನನ್ನ ಅಜ್ಜನ ಊರು ಮೇಡ್ಲೇರಿಯ ಹತ್ತಿರ. ಅಲ್ಲಿ ದೇವರ ಒಡವೆಯ ಪೆಟ್ಟಿಗೆಗೆ ಮೂರು ಕೀಲಿ. ಮೂರರ ಕೀಲಿಕೈಗಳು ಮೂರು ಮನೆತನಗಳಲ್ಲಿ. ಹಬ್ಬದ ದಿನ ಮೂವರು ಹಕ್ಕುದಾರರೂ ಬಂದು ತಮ್ಮ ತಮ್ಮ ಕೀಲಿ ತೆಗೆದರೆ ಮಾತ್ರ ಪೆಟ್ಟಿಗೆ ತೆರೆಯುತ್ತದೆ. ಒಬ್ಬ ಕಳ್ಳನಾದರೂ ಇನ್ನಿಬ್ಬರು ಇದ್ದಾರೆ ಎಂಬ ಲೆಕ್ಕ. ಮಾಮಾ ತಮ್ಮ ಪುಕ್ಕಟೆ ಮೇಲ್‌ಗೂ ಅದೇ ಪದ್ಧತಿ ತಂದರು! ಪಾಸ್‌ವರ್ಡ್ ಮೂರು ಪಾಲು. ಮೊದಲ ಪಾಲು ರಾಣೆಬೆನ್ನೂರಿನ ಮಾಮಾನದು. ನಡುವಿನದು ಬ್ಯಾಡಗಿಯ ಚಾಚಾನದು. ಕೊನೆಯದು ಹಾವೇರಿಯಲ್ಲಿರುವ ತಂಗಿಯದು, ಅಂದರೆ ನಮ್ಮ ಅವ್ವನದು. ಒಬ್ಬರ ಪಾಲು ಇನ್ನೊಬ್ಬರಿಗೆ ಗೊತ್ತಿರಕೂಡದು. ಬ್ಯಾಡಗಿ ಎರಡೂ ಊರಿನ ನಡುವೆ ಇರುವುದರಿಂದ, ಪ್ರತಿ ಭಾನುವಾರ ಎಲ್ಲರೂ ರೈಲಿನಲ್ಲಿ ಅಲ್ಲಿಗೆ ಹೋಗಿ ಚಾಚಾನ ಮನೆಯಲ್ಲಿ ಪೆಟ್ಟಿಗೆ ತೆರೆಯುವುದು.

ನಾನು ತಲೆ ತಲೆ ಚಚ್ಚಿಕೊಂಡೆ. "ಮಾಮಾ, ಇದು ಮೇಲ್ ರೀ, ದೇವರ ಒಡವಿ ಅಲ್ಲ!"

"ಮೂರೂ ಮನಿ ಹೊಲದ ಪಹಣಿ ಉತಾರ, ಮದವಿ ಫೋಟೋ, ಆಸ್ಪತ್ರಿ ಕಾಗದ, ಎಲ್ಲಾ ಅದರಾಗ ಹಾಕೂದೈತಿ. ಒಡವಿಗಿಂತ ಏನ್ ಕಡಿಮಿ?"

ಹಾಕಿಯೂ ಹಾಕಿದರು. ಫೋನನ್ನು ನಂಬುವುದಿಲ್ಲ, ಅದು ನೀರಿಗೆ ಬೀಳುತ್ತದೆ. ಕಪಾಟನ್ನು ನಂಬುವುದಿಲ್ಲ, ಗೆದ್ದಲು ಹಿಡಿಯುತ್ತದೆ. ಮೂರು ಮನೆಯ ಬದುಕೆಲ್ಲ ಆ ಪುಕ್ಕಟೆ ಪೆಟ್ಟಿಗೆಯಲ್ಲಿ ಹೋಗಿ ಕೂತಿತು. ಖಾತೆಗೇನಾದರೂ ತೊಂದರೆಯಾದರೆ ತಿಳಿಸಲು ಇನ್ನೊಂದು ವಿಳಾಸ ಕೊಡಿ ಎಂದು ಕಂಪನಿ ಕೇಳಿದಾಗ ನನ್ನ ವಿಳಾಸ ಕೊಟ್ಟು, "ನೀ ಜಾಮೀನುದಾರಳವಾ" ಎಂದು ನನ್ನನ್ನೂ ಬಲೆಗೆ ಹಾಕಿಕೊಂಡರು.

ಆ ಭಾನುವಾರಗಳನ್ನು ನೀವು ನೋಡಬೇಕಿತ್ತು! ಚಾಚಾನ ನಡುಮನೆಯಲ್ಲಿ ಕಂಪ್ಯೂಟರು. ಮೊದಲು ಮಾಮಾ ಕೂತು ತಮ್ಮ ಪಾಲನ್ನು ಒತ್ತುತ್ತಾರೆ. ಅದು ಯಾವುದೋ ಹತ್ತಿ ತಳಿಯ ಹೆಸರು ಮತ್ತು ನಂಬರು, ಜೊತೆಗೆ ಒಂದು ನಕ್ಷತ್ರ, ಒಂದು ಆಶ್ಚರ್ಯಚಿಹ್ನೆ. ಆಗ ಉಳಿದವರೆಲ್ಲ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. ಚಾಚಿಯೂ ನಿಲ್ಲಬೇಕು, ಒಲೆಯ ಮೇಲೆ ಮಿರ್ಚಿ ಸೀದು ಹೋದರೂ ಸರಿ. ಆಮೇಲೆ ಚಾಚಾ ಕೂತು ಗಡ್ಡ ಸವರಿಕೊಂಡು, ತಬಲಾ ಬಾರಿಸಿದಂತೆ ಒತ್ತಿ, ಗಹಗಹಿಸಿ ನಗುವರು.

"ಲೇ ದೋಸ್ತಾ, ನನ್ನ ಪಾಲಿನ್ಯಾಗ ಏನೈತಿ ಅಂತ ನಿನಗ ಗೊತ್ತಾತಂದ್ರ, ನೀ ನಕ್ಕೊಂತ ರಾಣೆಬೆನ್ನೂರ ತನಕಾ ಹೋಗ್ತೀ!"

"ಹೇಳಬ್ಯಾಡ, ಹೇಳಬ್ಯಾಡ!" ಮಾಮಾ ಗೋಡೆಯ ಕಡೆಯಿಂದಲೇ ಕೂಗುವರು.

ಕೊನೆಗೆ ನಮ್ಮ ಅವ್ವ. ಅವ್ವನಿಗೆ ಮನಸ್ಸಿನೊಳಗೆ ಓದುವುದು ಗೊತ್ತಿಲ್ಲ. ಮನಸ್ಸಿನೊಳಗೆ ಒತ್ತುವುದು ಹೇಗೆ ಗೊತ್ತಾಗಬೇಕು? ಒಂದೊಂದು ಅಕ್ಷರವನ್ನೂ ಹುಡುಕುತ್ತ, ಗಟ್ಟಿಯಾಗಿ ಹೇಳುತ್ತ ಒತ್ತುತ್ತಾಳೆ. ಅವಳ ಪಾಲು ಏನೆಂದರೆ ನನ್ನ ಹೆಸರು, ಜೊತೆಗೆ ನಾನು ಹುಟ್ಟಿದ ಇಸವಿ. ಪಾಸ್‌ವರ್ಡ್ ಹೊರಬಿದ್ದದ್ದು ಇರಲಿ, ನನ್ನ ವಯಸ್ಸು ಬ್ಯಾಡಗಿಯ ಆ ಓಣಿಗೆಲ್ಲ ಗೊತ್ತಾಗಿಹೋಯಿತು! ಮಾಮಾ ಮಾತ್ರ ನಿಯಮದ ಮನುಷ್ಯ. ತಂಗಿಯ ಸರದಿ ಬಂದಾಗ ಕಿಸೆಯಿಂದ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿಕೊಂಡು, ಕಣ್ಣು ಮುಚ್ಚಿ ನಿಲ್ಲುವರು.

ಒಂದು ಭಾನುವಾರ ಮಾಮಾನ ಕಣ್ಣಿಗೆ ಹೊಸದೊಂದು ಸಂಗತಿ ಬಿತ್ತು. ಪಾಸ್‌ವರ್ಡ್ ಒತ್ತುವ ಜಾಗದ ಕೆಳಗೆ ಸಣ್ಣದಾಗಿ "ಪಾಸ್‌ವರ್ಡ್ ಮರೆತಿರಾ?" ಎಂದಿತ್ತು.

"ಏನಿದು? ನನ್ನ ಯಾಕ ಕೇಳಾಕತ್ತೈತಿ?"

"ಯಾರರೆ ಮರ್ತಿದ್ರ ಅದನ್ನ ಒತ್ತಬೇಕ್ರಿ. ಫೋನಿಗೆ ಒಂದು ನಂಬರ್ ಕಳಸ್ತಾರ, ಅದನ್ನ ಹಾಕಿ ಹೊಸಾ ಪಾಸ್‌ವರ್ಡ್ ಇಟ್ಕೋಬಹುದು."

ಮಾಮಾ ಎದೆಯ ಮೇಲೆ ಕೈ ಇಟ್ಟುಕೊಂಡರು. "ಯವ್ವಾ! ಮುಂದಿನ ಬಾಗಲಕ್ಕ ಮೂರು ಕೀಲಿ ಜಡದೇವಿ. ಹಿಂದ ದಿಡ್ಡಿ ಬಾಗಲಾ ತಗದಿಟ್ಟು, ಬಂದಬಂದಾವರಿಗೆಲ್ಲಾ ಕೀಲಿಕೈ ಮರ್ತು ಬಂದೀಯೇನಪಾ ಅಂತ ಕೇಳ್ತಾನಲ್ಲ ಈ ಮಾಲೀಕ! ಕಳ್ಳ ಏನಂತಾನ? ಹೂಂ ಅಂತಾನ!" ಆ ಅಕ್ಷರಗಳು ಕಾಣದಂತೆ ಪರದೆಯ ಮೇಲೆ ಅಲ್ಲಿಗೇ ಸರಿಯಾಗಿ ಒಂದು ತುಂಡು ಪಟ್ಟಿ ಅಂಟಿಸಿದ ಮೇಲೆಯೇ ಅವರಿಗೆ ಚಹಾ ಇಳಿಯಿತು. "ನನ್ನ ಜೀವ ಇರೂತನಕಾ, ಮರ್ತೇನಿ ಅಂತ ನಾ ಹೇಳಾಂವಲ್ಲ" ಎಂದು ಪ್ರತಿಜ್ಞೆಯನ್ನೂ ಮಾಡಿದರು.

ಕಳ್ಳನ ಮಾತು ಬಂತು ನೋಡಿ, ಕಳ್ಳನೂ ಬಂದ. ಇನ್ನೊಂದು ಭಾನುವಾರ ತೆರೆದಾಗ ಮಾಮಾನ ಪೆಟ್ಟಿಗೆಯಲ್ಲಿ ಒಂದು ಪತ್ರ: "ನಿಮ್ಮ ಖಾತೆ ಅಪಾಯದಲ್ಲಿದೆ. ಕೂಡಲೇ ನಿಮ್ಮ ಪಾಸ್‌ವರ್ಡ್ ನಮಗೆ ಕಳಿಸಿ." ಎಲ್ಲರಿಗೂ ಬರುವಂಥದ್ದೇ. ನೀವಾದರೆ ಅಳಿಸಿ ಹಾಕುತ್ತೀರಿ. ಮಾಮಾ ಕೂತು ಮರ್ಯಾದೆಯಿಂದ ಉತ್ತರ ಬರೆದರು: "ಮಾನ್ಯರೇ, ತಮ್ಮ ಕಾಳಜಿಗೆ ಕೃತಜ್ಞ. ಆದರೆ ಪಾಸ್‌ವರ್ಡ್ ನನ್ನೊಬ್ಬನ ಹತ್ತಿರ ಇಲ್ಲ, ಮೂರು ಮನೆಯಲ್ಲಿದೆ. ಭಾನುವಾರ ಬ್ಯಾಡಗಿಗೆ ಬಂದರೆ ಮೂವರೂ ಸಿಗುತ್ತೇವೆ. ಊಟಕ್ಕೆ ಇರುವುದಾದರೆ ಮುಂಚಿತವಾಗಿ ತಿಳಿಸಿ, ಮನೆಯವರಿಗೆ ಅನುಕೂಲ."

ನಾನು ಅದನ್ನು ನೋಡುವಷ್ಟರಲ್ಲಿ ಹೋಗಿಬಿಟ್ಟಿತ್ತು. "ಮಾಮಾ, ಅಂವ ಕಳ್ಳ ರೀ!"

"ಕಳ್ಳ ಅಂತ ಮೊದಲ ಹೇಳಬಾರದೇನು? ಈಗ ಊಟಕ್ಕ ಕರದಾಗೈತಿ. ಕರದು ಬ್ಯಾಡ ಅನ್ನಾಕ ಬರ್ತೈತೇನು?"

ಮುಂದಿನ ಭಾನುವಾರ ಚಾಚಿ ಒಂದು ಪಾತ್ರೆ ಮಂಡಕ್ಕಿ ಹೆಚ್ಚೇ ಕಲಸಿದ್ದಳು. ಕಳ್ಳ ಬರಲಿಲ್ಲ. "ಮರ್ಯಾದಸ್ಥ ಇದ್ದಾನಪಾ, ಕರದ ಕೂಡ್ಲೆ ಬರೂ ಪೈಕಿ ಅಲ್ಲ" ಎಂದು ಚಾಚಾ ಅವನ ಪಾಲಿನ ಮಿರ್ಚಿಯನ್ನೂ ತಿಂದು, ಮನೆಯ ಹೆಂಚು ಹಾರುವಂತೆ ನಕ್ಕರು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಕೊನೆ.

ಆ ಬೇಸಿಗೆಯಲ್ಲಿ ಚಾಚಾನಿಗೆ ಲಕ್ವಾ ಹೊಡೆಯಿತು. ಬಲಗಡೆಯ ಕೈ ಕಾಲು ಬಿದ್ದುಹೋದವು. ಜೀವ ಉಳಿಯಿತು, ಮಾತು ಹೋಯಿತು. ಅಷ್ಟೆಲ್ಲ ಮಾತಿದ್ದ ಮನುಷ್ಯನಲ್ಲಿ ಒಂದೇ ಒಂದು ಮಾತು ಉಳಿದಿತ್ತು: "ಖರೇ." ಚಹಾ ಬೇಕೇನ್ರಿ ಎಂದರೆ "ಖರೇ." ಬ್ಯಾಡೇನ್ರಿ ಎಂದರೂ "ಖರೇ." ಚಾಚಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದಳು. "ನೋಡವಾ, ಮೂವತ್ತು ವರ್ಷ ನಾ ಅಂದದ್ದಕ್ಕೆಲ್ಲಾ ಉಲ್ಟಾ ಹೊಡೀತಿದ್ರು. ಈಗ ಏನಂದ್ರೂ ಖರೇ ಅಂತಾರ."

ನಡುವಿನ ಪಾಲು ಚಾಚಾನ ತಲೆಯೊಳಗೆ ಎಲ್ಲೋ ಕಳೆದುಹೋಯಿತು. ಪೆಟ್ಟಿಗೆ ಮುಚ್ಚಿಕೊಂಡಿತು. ನಾವು ಭಾನುವಾರ ಹೋಗುವುದನ್ನು ಬಿಡಲಿಲ್ಲ. ಹಾಸಿಗೆಯ ಬದಿಗೆ ಕೂತು, ಚಹಾ ಕುಡಿದು ಬರುತ್ತಿದ್ದೆವು. ಮೇಲ್‌ನ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ. ಹೀಗೆಯೇ ವರ್ಷವಾಗುತ್ತ ಬಂದಾಗ ಜಾಮೀನುದಾರಳಾದ ನನಗೆ ಕಂಪನಿಯಿಂದ ಪತ್ರ ಬಂತು. ಈ ಖಾತೆಯನ್ನು ಬಹಳ ದಿನದಿಂದ ಯಾರೂ ತೆರೆದಿಲ್ಲ. ಬರುವ ತಿಂಗಳ ಕೊನೆಯೊಳಗೆ ತೆರೆಯದಿದ್ದರೆ ಒಳಗಿನದ್ದೆಲ್ಲವನ್ನೂ ಅಳಿಸಿಹಾಕುತ್ತೇವೆ. ಮಾಮಾ ಮೊದಲ ದಿನವೇ ಹೇಳಿದ ಮಾತು ನಿಜವಾಗಿತ್ತು. ಪುಕ್ಕಟೆ ಮನೆಯ ಮಾಲೀಕ ಬಿಟ್ಟು ಹೋಗಿರಪ್ಪಾ ಅನ್ನುತ್ತಿದ್ದ!

ನಾನು ಅವ್ವನನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಓಡಿದೆ.

"ಮಾಮಾ, ಆ ಪಟ್ಟಿ ಕಿತ್ತು, ಮರೆತಿರಾ ಅನ್ನೂದನ್ನ ಒತ್ತಿಬಿಡೂಣ್ರಿ. ನಿಮ್ಮ ಫೋನಿಗೇ ನಂಬರ್ ಬರ್ತೈತಿ. ಎರಡು ನಿಮಿಷದ ಕೆಲಸ."

"ಒತ್ತಿ?"

"ಹೊಸಾ ಪಾಸ್‌ವರ್ಡ್ ಇಡೂದು. ನಿಮ್ಮದೊಂದು ಪಾಲು, ಅವ್ವನದೊಂದು ಪಾಲು."

"ಮತ್ತ ನನ್ನ ದೋಸ್ತನ ಪಾಲು?"

ನಾನು ಅವ್ವನ ಕಡೆ ನೋಡಿದೆ. ಅವ್ವ ಮೆಲ್ಲಗೆ ಹೇಳಿದಳು, "ಅಣ್ಣಾ, ಮೂರೂ ಮನಿ ಕಾಗದ ಅದಾವು. ನಿನ್ನ ದೋಸ್ತನ ಮಗಳ ಮದವಿ ಫೋಟೋ ಎಲ್ಲಾ ಅದರಾಗ ಅದಾವಂತ ಅವರ ಮನಿಯಾಕಿ ದಿನಾ ನೆನಸ್ತಾಳ."

ಮಾಮಾನಿಗೆ ಸಿಟ್ಟು ಬಂತು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದೇ ಕಡಿಮೆ. "ನಮ್ಮೂರಾಗ ಏನಾಗಿತ್ತು ಮರ್ತೇನು ತಂಗಿ? ಹಕ್ಕುದಾರ ಅಜ್ಜ ಹಾಸಿಗಿ ಹಿಡದಾಗ ಕೀಲಿ ಒಡದ್ರೇನು? ಆ ವರ್ಷ ದೇವರು ಬರೇ ಹೂವಿನ್ಯಾಗ ಕುಂತಿತ್ತು. ದೇವರಿಗೆ ಒಡವಿ ಇಲ್ಲಂದ್ರ ನಡೀತೈತಿ, ಹಕ್ಕುದಾರಗ ಮರ್ಯಾದಿ ಇಲ್ಲಂದ್ರ ನಡ್ಯಾಂಗಿಲ್ಲ ಅಂದ್ರು ಹಿರ್ಯಾರು. ಮರುವರ್ಷ ಅಜ್ಜ ಎದ್ದು ಬಂದಾಗ ಕೈ ನಡುಗಿ ಕೀಲಿ ತಿರಗಲಿಲ್ಲ. ಆಗೂ ಕೀಲಿ ಬದ್ಲಿ ಮಾಡಲಿಲ್ಲ. ಒಂದೀಟು ಎಣ್ಣಿ ಬಿಟ್ರು. ತಿರಗಿತು. ಅಂವ ಇದ್ದಾನ. ಉಸರಾಡಾಕತ್ತಾನ. ಅಂವ ಇರೂತನಕಾ ಅಂವನ್ನ ತಗದು ಹಾಕಿ ನಾ ಪೆಟಗಿ ತಗ್ಯಾಂವಲ್ಲ. ಹೋಗ್ಲಿ ಎಲ್ಲಾ!"

ಹಿಂದೊಂದು ಭಾನುವಾರ, ಒತ್ತುವಾಗ ಚಾಚಾನ ಮನೆಯ ಬೆಕ್ಕು ಮಿಕಿಮಿಕಿ ನೋಡಿತೆಂದು ತಮ್ಮ ಪಾಲಿನ ಪಾಸ್‌ವರ್ಡನ್ನೇ ಬದಲಿಸಿದ ಮನುಷ್ಯ ಇವರು! ಈಗ ಮೂರು ಮನೆಯ ಕಾಗದ ಹೋದರೂ ಬದಲಿಸುವುದಿಲ್ಲವಂತೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಸ್ಸಿನುದ್ದಕ್ಕೂ ಅವ್ವನ ಮುಂದೆ ಬೈದುಕೊಳ್ಳುತ್ತಲೇ ಬಂದೆ.

ಅಂದಿನಿಂದ ಭಾನುವಾರದ ಪೂಜೆ ಮತ್ತೆ ಶುರುವಾಯಿತು. ಮಾಮಾ ತಮ್ಮ ಪಾಲನ್ನು ಒತ್ತಿ, ಉದ್ದ ವೈರಿನ ಕೀಬೋರ್ಡನ್ನು ಹಾಸಿಗೆಯ ತನಕ ಎಳೆದು ಚಾಚಾನ ತೊಡೆಯ ಮೇಲಿಡುವರು. "ಒತ್ತಲೇ ದೋಸ್ತಾ, ತಬಲಾ ಬಾರಸು." ಚಾಚಾ ಬಿದ್ದುಹೋದ ಬಲಗೈಯನ್ನು ಎಡಗೈಯಿಂದ ಎತ್ತಿ ಕೀಬೋರ್ಡಿನ ಮೇಲೆ ತಂದಿಡುವರು. ಎಡಗೈಯಿಂದ ಒತ್ತಿರಿ ಎಂದರೆ ಒಲ್ಲರು. ಅದೇ ಕೈಯೇ ಆಗಬೇಕು. ನಡುಗುವ ಬೆರಳು ಪ್ರತಿ ಸಲವೂ ಹೋಗಿ ಬೀಳುವುದು ಒಂದೇ ಅಕ್ಷರದ ಮೇಲೆ. ಅದನ್ನೇ ಒತ್ತುವರು, ಒತ್ತು ಒತ್ತು ಒತ್ತು. ಅವ್ವ ತನ್ನ ಪಾಲನ್ನು ಸೇರಿಸುವಳು. ಪರದೆಯ ಮೇಲೆ ಕೆಂಪಕ್ಷರ: ತಪ್ಪು.

"ಮಾಲೀಕಗ ಇವತ್ತ ಸಿಟ್ಟು ಬಂದೈತಿ. ಮುಂದಿನ ವಾರ ನೋಡೂಣು" ಎನ್ನುವರು ಮಾಮಾ.

ನಾಲ್ಕಾರು ವಾರ ಹೀಗಾಯಿತು. ಆಮೇಲಿನ ವಾರ ಕೀಬೋರ್ಡ್ ತಂದದ್ದನ್ನು ಕಂಡೊಡನೆ ಚಾಚಾ ಬಲಗೈಯನ್ನು ಎಡಗೈಯಿಂದ ಚಾದರದೊಳಗೆ ನೂಕಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿದರು. ಹಿಂದೆ ನಾವೆಲ್ಲ ನಗುತ್ತ ಮುಖ ಮಾಡಿ ನಿಲ್ಲುತ್ತಿದ್ದ ಅದೇ ಗೋಡೆ. ಅಂದು ಯಾರಿಗೂ ಚಹಾ ಇಳಿಯಲಿಲ್ಲ.

ತಿಂಗಳ ಕೊನೆಯ ಭಾನುವಾರ ಬಂತು. ಇದೊಂದು ದಿನ ಹೋದರೆ ಪೆಟ್ಟಿಗೆ ಹೋದಂತೆಯೇ. ನಾನು ರೈಲಿನುದ್ದಕ್ಕೂ ಕಂಪನಿಯ ಪತ್ರವನ್ನೇ ಮತ್ತೆ ಮತ್ತೆ ಓದಿದ್ದೆ. ಮಾಮಾ ನೋಡಿದರೆ ಗರಿಗರಿ ಅಂಗಿ ತೊಟ್ಟು, ಮದುವೆಗೆ ಬಂದವರಂತೆ ರೈಲಿನಿಂದ ಇಳಿದರು! ಕೈಯಲ್ಲಿ ಪೇಡೆಯ ಪೊಟ್ಟಣ ಬೇರೆ.

"ಇವತ್ತ ನನ್ನ ಮನಸ್ಸು ಹೇಳಾಕತ್ತೈತಿ, ದೋಸ್ತಾ. ಇದೊಂದು ಸಲ ಒತ್ತು. ನನ್ನ ಸಲುವಾಗಿ."

ಚಾಚಾ ಬಹಳ ಹೊತ್ತು ಅವರ ಮುಖ ನೋಡಿದರು. ಆಮೇಲೆ ನಿಧಾನವಾಗಿ ಚಾದರ ಸರಿಸಿ ಕೈಯನ್ನು ಹೊರಗೆ ತಂದರು. ಮಾಮಾ ತಮ್ಮ ಪಾಲನ್ನು ಒತ್ತಿ ಕೀಬೋರ್ಡ್ ತಂದಿಟ್ಟರು. ಬೆರಳು ಹೋಗಿ ಮತ್ತೆ ಅದೇ ಅಕ್ಷರದ ಮೇಲೆಯೇ ಬಿತ್ತು. ಒತ್ತು. ಒತ್ತು. ಒತ್ತು. ನಾನು ಕಣ್ಣು ಮುಚ್ಚಿಕೊಂಡೆ.

"ಸಾಕು ಸಾಕು! ಬಾಳ ಆತು!" ಮಾಮಾ ಗಡಿಬಿಡಿಯಿಂದ ಕೀಬೋರ್ಡನ್ನು ಎಳೆದುಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು, "ಲಗೂ ಬಾ ತಂಗಿ, ನಿಂದು" ಎಂದರು. ಅವ್ವ ನನ್ನ ಹೆಸರನ್ನೂ ವಯಸ್ಸನ್ನೂ ಓಣಿಗೆಲ್ಲ ಸಾರಿ ಮುಗಿಸಿದಳು.

ಪೆಟ್ಟಿಗೆ ತೆರೆಯಿತು.

ಕೆಂಪಕ್ಷರ ಇಲ್ಲ. ಒಂದರ ಕೆಳಗೊಂದು ಪತ್ರಗಳು, ಉತಾರಗಳು, ಫೋಟೋಗಳು. ಚಾಚಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಾಮಾ ಚಾಚಾನ ಮಗಳ ಮದುವೆಯ ಫೋಟೋ ತೆಗೆದು ಪರದೆಯನ್ನು ಹಾಸಿಗೆಯ ಕಡೆ ತಿರುಗಿಸಿದರು. ಫೋಟೋದಲ್ಲಿ ಚಾಚಾ ಎರಡೂ ಕೈ ಮೇಲೆತ್ತಿ ನಗುತ್ತಿದ್ದರು. ಹಾಸಿಗೆಯ ಮೇಲಿನ ಚಾಚಾ ಆ ಪರದೆಯನ್ನು ನೋಡಿದರು, ತಮ್ಮ ಬೆರಳನ್ನು ನೋಡಿದರು, ಗೆಳೆಯನನ್ನು ನೋಡಿದರು.

"ಖರೇ?" ಎಂದರು. ಒಂದು ವರ್ಷದಲ್ಲಿ ಮೊದಲ ಸಲ ಆ ಮಾತು ಪ್ರಶ್ನೆಯಾಗಿ ಬಂತು.

"ಖರೇನಲೇ! ನೀ ತಗದಿ. ನೀ ಇಲ್ಲದ ತಗೀತಿತ್ತೇನು?"

ಚಾಚಾನ ಬಾಯಿಯ ಎಡಗಡೆಯ ತುದಿ ಮೇಲಕ್ಕೆ ಹೋಯಿತು. ಅರ್ಧ ಬಾಯಿಯಲ್ಲಿ ಅಷ್ಟು ತುಂಬ ನಗಬಹುದೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ಬ್ಯಾಡಗಿ ಸ್ಟೇಶನ್ನಿನಲ್ಲಿ ಅವ್ವ ಟಿಕೆಟ್ ತರಲು ಹೋದಳು. ಕಲ್ಲು ಬೆಂಚಿನ ಮೇಲೆ ನಾನು, ಮಾಮಾ.

"ಮಾಮಾ, ಖರೇ ಹೇಳ್ರಿ. ಅದು ಹೆಂಗ ತಗೀತು?"

ಮಾಮಾ ಎರಡೂ ಕಡೆ ನೋಡಿದರು. ಹಳೆಯ ಚಾಳಿ. "ಇಷ್ಟು ವಾರ ನೋಡಿದೆನವಾ. ಅಂವನ ಬಳ್ಳು ಅದ ಅಕ್ಷರಕ್ಕ ಹೋಗಿ ಬೀಳ್ತೈತಿ. ಮೊನ್ನಿ ಅಂಗಡ್ಯಾಗ ಒಬ್ಬನ ಕುಂತು ಆ ದಿಡ್ಡಿ ಬಾಗಲಾ ಒತ್ತಿದೆ. ಮರೆತಿರಾ ಅಂತ ಕೇಳ್ತು. ಹೌದಪಾ, ಮರ್ತೇನಿ ಅಂದೆ." ಹಳಿಯ ಕಡೆ ತಿರುಗಿ ಕೂತರು. "ನನ್ನ ಪಾಲು ಹಂಗ ಇಟ್ಟೆ. ನಡುವ ಅಂವನ ಅಕ್ಷರಾ ಮೂರು ಸಲ ಇಟ್ಟೆ."

"ಮತ್ತ ಅವ್ವನ ಪಾಲು? ನಿಮಗ ಹೆಂಗ ಗೊತ್ತಾತು? ಕಿವಿಗೆ ಹತ್ತಿ ಇರ್ತಿತ್ತಲ್ಲ!"

"ಹತ್ತಿ ಅಲ್ಲ, ಹತ್ತಿ ಮೂಟಿ ಹೊತ್ಕೊಂಡ್ರೂ ನಿಮ್ಮವ್ವನ ದನಿ ಕೇಳಸ್ತೈತವಾ!"

ನಾನು ನಕ್ಕೆ. ನಗುತ್ತಲೇ ಕೇಳಿದೆ, "ಒಂದ ಅಕ್ಷರಾ ಮೂರು ಸಲ! ಇಷ್ಟು ಸಡಿಲ ಪಾಸ್‌ವರ್ಡ್ ಲೋಕದಾಗ ಯಾರೂ ಇಡಾಂಗಿಲ್ರಿ. ಕಳ್ಳ ಬಂದ್ರ?"

"ಬರ್ಲಿ. ಭಾನುವಾರ ಬಂದ್ರ ಊಟಕ್ಕ ಕುಂದ್ರಸೂಣು."

ದೂರದಲ್ಲಿ ರೈಲು ಕೂಗಿತು. ನಾನು ಸುಮ್ಮನಿರಬೇಕಿತ್ತು, ಸುಮ್ಮನಿರುವ ಬಾಯಿ ನನ್ನದಲ್ಲ. "ಅಂತೂ ಕೀಲಿ ಬದ್ಲಿ ಮಾಡಿದ್ರಿ ಅನ್ರಿ, ಮಾಮಾ."

"ಇಲ್ಲವಾ" ಎಂದರು. "ಕೀಲಿ ಬದ್ಲಿ ಮಾಡಿಲ್ಲ. ಒಂದೀಟು ಎಣ್ಣಿ ಬಿಟ್ಟೇನಿ ಅಷ್ಟ."

ಹೇಳಿ, ಕಿವಿಯೊಳಗೆ ಇನ್ನೂ ಹಾಗೇ ಉಳಿದಿದ್ದ ಹತ್ತಿಯನ್ನು ಹೊರಗೆ ತೆಗೆದು, ಅದರಲ್ಲೇ ಕಣ್ಣು ಒರೆಸಿಕೊಂಡರು.